ಬೇಹಿನ ಚಾವಡಿ

ಮೂಡಿಗೆರೆ ಸೀಮೆಯ ಜಾವಳಿಯಲ್ಲಿ ಹೇಮಾವತಿಯು ಹುಟ್ಟುವ ತಾವಿಗೆ ಅನತಿದೂರದಲ್ಲಿ, ಘಟ್ಟವು ಒಮ್ಮೆಲೇ ಕೆಳಗಿಳಿಯತೊಡಗುವ ಅಂಚಿನ ಮೇಲೆ, ಹೊಯ್ಸಳ ಬಲ್ಲಾಳರ ಹೆಸರನ್ನು ಹೊತ್ತ ಬಲ್ಲಾಳರಾಯನ ದುರ್ಗವು ತನ್ನ ಮುರುಕು ಗೋಡೆಗಳೊಡನೆ ಇಂದಿಗೂ ನಿಂತಿದೆ. 1763ರಲ್ಲಿ ಹೈದರಾಲಿಯ ಸೈನ್ಯವು ಬಿದನೂರಿನ ಹೊಸ್ತಿಲನ್ನು ಮೆಟ್ಟಿದಾಗ, ಕೆಳದಿಯ ಮನೆತನದ ರಾಣಿ ವೀರಮ್ಮಾಜಿಯು ಅರಮನೆಗೂ ಬೊಕ್ಕಸಕ್ಕೂ ಬೆಂಕಿಯಿಡುವಂತೆ ಅಪ್ಪಣೆಕೊಟ್ಟು, ದಟ್ಟಡವಿಯ ಹಾದಿ ಹಿಡಿದು ಬಂದು ಆಶ್ರಯ ಪಡೆದದ್ದು ಈ ದುರ್ಗದಲ್ಲಿ. ಮೂರು ಕಡೆ ಕಾಡು, ಒಂದು ಕಡೆ ಕಮರಿ. ಮಳೆಗಾಲ ಮೊದಲಾದರೆ ಕುದುರೆಯ ಗೊರಸು ಊರಲು ನೆಲವಿಲ್ಲದ, ಮಂಜು ಕವಿದರೆ ಎದುರಿಗಿರುವ ಮರವೂ ಕಾಣದ, ಉಂಬಳಗಳು ಆಳಿನ ಕಣಕಾಲನ್ನು ಬಿಡದ ಸೀಮೆ ಇದು. ಇಂತಹ ಸ್ಥಳವನ್ನು ಸೇರಿದವರನ್ನು ಬಯಲುಸೀಮೆಯ ದಂಡು ಹುಡುಕಿ ಹಿಡಿಯಲಾರದೆಂದು ರಾಣಿಯು ನಂಬಿದ್ದರೆ ಅದು ಅವಿವೇಕವೇನೂ ಆಗಿರಲಿಲ್ಲ. ಆದರೆ ಒಂದು ತಿಂಗಳು ಕಳೆಯುವುದರೊಳಗಾಗಿ ಆಕೆಯು ಸೆರೆಯಾದಳು. ಮಧುಗಿರಿಯ ಕೋಟೆಗೆ ಸಾಗಿಸಲ್ಪಟ್ಟಳು.

ಈ ಸೋಲಿಗೆ ಕಾರಣವಾದದ್ದು ತೋಪುಗಳಿಗಿಂತ ಹೆಚ್ಚಾಗಿ ಒಬ್ಬ ಮನುಷ್ಯನ ತಿಳಿವಳಿಕೆ. ಬಿದನೂರಿನ ಹಿಂದಿನ ದೊರೆಯ ಬಳಿ ಪ್ರಧಾನನಾಗಿದ್ದ ಲಿಂಗಣ್ಣನೆಂಬವನು ಕುಂಸಿಯ ಕೋಟೆಯಲ್ಲಿ ಬಂದಿಯಾಗಿ ಬಿದ್ದಿದ್ದನು. ಹೈದರನು ಕುಂಸಿಯನ್ನು ಹಿಡಿದಾಗ ಸೆರೆಯಿಂದ ಹೊರಗೆ ಬಂದ ಆತನೇ, ಉಕ್ಕಡಗಳ ಕಾವಲಿಗೆ ಸಿಕ್ಕದೆ ನೇರವಾಗಿ ರಾಜಧಾನಿಯ ಒಡಲಿಗೆ ಒಯ್ಯುವ ಕಾಡಿನ ಗುಪ್ತಮಾರ್ಗವನ್ನು ಹೇಳಿಕೊಟ್ಟನು. ರಾಣಿಯು ದಂಡು ಹಿಂದಿರುಗುವುದಾದರೆ ಲಕ್ಷಗಟ್ಟಲೆ ವರಹಗಳನ್ನು ಕೊಡುವೆನೆಂದು ಒಂದರ ಹಿಂದೊಂದು ಹೇಳಿಕಳುಹಿಸಿದಳು. ಹೈದರನು ನಿಲ್ಲಲಿಲ್ಲ, ಎದುರಿನ ಉಕ್ಕಡಗಳ ಮೇಲೆ ಗದ್ದಲದ ಹುಸಿದಾಳಿಯನ್ನು ನಡೆಸಗೊಟ್ಟು, ತಾನು ಲಿಂಗಣ್ಣನ ದಾರಿಯಲ್ಲಿ ನುಸುಳಿಬಂದು ಊರೊಳಗೆ ಕಾಣಿಸಿಕೊಂಡನು. ಕೋಟಿಬೆಲೆಯ ನಗರವನ್ನು ಕಾಯುತ್ತಿದ್ದ ಕಾಡು, ಅದರ ಗುಟ್ಟನ್ನು ಬಲ್ಲ ಒಬ್ಬನು ಬಾಯ್ದೆರೆದ ಗಳಿಗೆಯಲ್ಲಿ ಬಯಲಾಯಿತು.

ಮೈಸೂರು ಸಂಸ್ಥಾನದ ಚರಿತ್ರೆಯನ್ನು ಕಾಳಗಗಳ ಚರಿತ್ರೆಯಾಗಿ ಬರೆದವರು ಬಹುಮಂದಿ. ಸುದ್ದಿಯ ಚರಿತ್ರೆಯಾಗಿ ಓದಿದವರು ಕಡಿಮೆ. ಯಾರು ಯಾರಿಗೆ ಏನನ್ನು ಬರೆದರು, ಆ ಓಲೆಯನ್ನು ದಾರಿಯಲ್ಲಿ ಯಾರು ಒಡೆದರು, ಯಾವ ಸುದ್ದಿಯನ್ನು ಎಷ್ಟು ದಿನ ಬಚ್ಚಿಟ್ಟರು ಎಂಬುದರ ಮೇಲೆ ಈ ರಾಜ್ಯದ ಹಣೆಬರಹವು ಮತ್ತೆ ಮತ್ತೆ ತಿರುಗಿದೆ. ಆ ಸುದ್ದಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ ಅಧಿಕಾರಿಗಳನ್ನು ಕುರಿತು ಸ್ವಾಮಿನಿಷ್ಠರೆಂದೋ ಸ್ವಾಮಿದ್ರೋಹಿಗಳೆಂದೋ ಒಂದೇ ಮಾತಿನಲ್ಲಿ ತೀರ್ಪು ಹೇಳುವುದು ನಮ್ಮ ಬರಹಗಾರರಿಗೆ ರೂಢಿಯಾಗಿದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. 1761ರಿಂದ 1796ರ ವರೆಗೆ ಶ್ರೀರಂಗಪಟ್ಟಣದಲ್ಲಿ ಸ್ವಾಮಿಗಳು ಇಬ್ಬರಿದ್ದರು: ವಿಜಯದಶಮಿಯ ಸಮಯದಲ್ಲಿ ಪ್ರಜೆಗಳಿಗೆ ದರ್ಶನವಿತ್ತು ಮತ್ತೆ ಅಂತಃಪುರದ ಕಾವಲಿಗೆ ಹಿಂದಿರುಗುತ್ತಿದ್ದ ಒಡೆಯರು ಒಬ್ಬರು, ಸಕಲ ಅಧಿಕಾರವನ್ನೂ ನಡೆಸುತ್ತಿದ್ದ ನವಾಬರು ಇನ್ನೊಬ್ಬರು. ಬೇಹಿನವನ ನಿಷ್ಠೆಯನ್ನು ಅಳೆಯಹೊರಟವನು ಮೊದಲು ಯಾರಿಗೆ ಎಂದು ಕೇಳಬೇಕಾಗುತ್ತದೆ.

ಈ ಬೇಹಿನ ವ್ಯವಸ್ಥೆಯ ಮೂಲವನ್ನು ಅರಸಿಕೊಂಡು ಹೋದರೆ ಚಿಕ್ಕದೇವರಾಜ ಒಡೆಯರ ಬಳಿಗೆ ಬರುತ್ತೇವೆ. 1673ರಿಂದ 1704ರ ವರೆಗೆ ಆಳಿದ ಈ ದೊರೆಯು ಪಟ್ಟಕ್ಕೆ ಬರುವ ಮುನ್ನ ಹಂಗಳದಲ್ಲಿ ನಿರ್ಬಂಧದಲ್ಲಿದ್ದವನು. ಬಾಗಿಲ ಹೊರಗೆ ಏನು ನಡೆಯುತ್ತಿದೆಯೆಂದು ತಿಳಿಯದೆ ಕುಳಿತುಕೊಳ್ಳುವ ಸಂಕಟವನ್ನು ಸ್ವಾನುಭವದಿಂದ ಬಲ್ಲವನು. ಸಿಂಹಾಸನವನ್ನೇರಿದ ಮೇಲೆ ಆತನು ರಾಜ್ಯದ ಉದ್ದಗಲಕ್ಕೂ ಅಂಚೆಯನ್ನು ಏರ್ಪಡಿಸಿದನು. ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದನೆಂದು ಪ್ರತೀತಿ. ಸುಂಕದ ಚಾವಡಿ, ಬೆಣ್ಣೆಯ ಚಾವಡಿ, ಹೊಗೆಸೊಪ್ಪಿನ ಚಾವಡಿ, ಕಂದಾಚಾರದ ಚಾವಡಿ ಎಂಬ ಇವುಗಳ ನಡುವೆ ಬೇಹಿನ ಚಾವಡಿ ಎಂಬುದೂ ಒಂದು. ಅಂಚೆಯೂ ಬೇಹೂ ಅದರ ಎರಡು ಕೈಗಳು. 1803ರಿಂದ 1808ರ ವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು, ದಕ್ಷಿಣದೇಶದ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸನು ಇದನ್ನು ಚೆನ್ನಾಗಿ ಗಮನಿಸಿದ್ದಾನೆ: ಇಲ್ಲಿಯ ಅಂಚೆಯು ಕಾಗದಗಳನ್ನು ಸಾಗಿಸುವುದರೊಡನೆ ಪೊಲೀಸಿನ ಸಾಧನವೂ ಆಗಿದ್ದಿತು, ಅಂಚೆಯ ಅಧಿಕಾರಿಗಳು ದೊರೆಯ ಆಪ್ತಚಾರರಾಗಿದ್ದು, ತಮ್ಮ ಸೀಮೆಯಲ್ಲಿ ನಡೆದುದೆಲ್ಲವನ್ನೂ, ಪ್ರಜೆಗಳ ಖಾಸಗಿ ಓಲೆಗಳಲ್ಲಿ ಬರೆದಿದ್ದುದನ್ನೂ, ಮೇಲಕ್ಕೆ ಬಿನ್ನವಿಸುತ್ತಿದ್ದರು.

ಇದರಲ್ಲಿ ಹೊಸತೇನೂ ಇಲ್ಲವೆನ್ನಬಹುದು. 1909ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರ ವರ್ಗಗಳನ್ನೇ ಹೇಳಿದೆ: ಶಿಷ್ಯನ ವೇಷದವನು, ಸಂನ್ಯಾಸಿಯ ವೇಷದವನು, ಒಕ್ಕಲಿಗನ ವೇಷದವನು, ವ್ಯಾಪಾರಿ, ಜಟಾಧಾರಿ, ಭಿಕ್ಷುಕಿ. ಒಬ್ಬರನ್ನೊಬ್ಬರು ಅರಿಯದ ಮೂವರು ತಂದ ವರ್ತಮಾನವು ಒಂದೇ ಆಗಿದ್ದರೆ ಮಾತ್ರ ಅದನ್ನು ನಂಬತಕ್ಕದ್ದೆಂಬ ವಿವೇಕವೂ ಅಲ್ಲಿದೆ. ಆದರೆ ಚಾರರು ಯಾರೆಂಬುದು ಯಾರಿಗೂ ತಿಳಿಯಕೂಡದೆಂಬುದು ಕೌಟಿಲ್ಯನ ಮತ. ಮೈಸೂರಿನಲ್ಲಿ ಚಾವಡಿಯ ಕಣ್ಣು ಹಾಡುಹಗಲಲ್ಲಿ, ಕೋಲಿಗೆ ಗೆಜ್ಜೆ ಕಟ್ಟಿಕೊಂಡು, ಊರಿಂದೂರಿಗೆ ಓಡುತ್ತಿದ್ದಿತು. ಅಂಚೆಯವನನ್ನು ತಡೆಯುವ ಧೈರ್ಯ ಯಾವ ಪಾಳೆಯಗಾರನಿಗೂ ಇರಲಿಲ್ಲ. ಆತನ ಚೀಲದಲ್ಲಿ ತನ್ನ ವಿಷಯವಾಗಿ ಏನಿದೆಯೋ ಎಂಬ ಅಂಜಿಕೆ ಮಾತ್ರ ಎಲ್ಲರಿಗೂ ಇದ್ದಿತು. ಪರರಾಜರ ಮೇಲೆ ಬೇಹು ಇಡುವುದು ಒಂದು, ತನ್ನ ಪ್ರಜೆಗಳ ಓಲೆಯನ್ನೇ ಒಡೆದು ಓದುವುದು ಇನ್ನೊಂದು. ಮೊದಲನೆಯದು ರಾಜನೀತಿ, ಎರಡನೆಯದು ಭಯದ ಆಳಿಕೆ ಎಂದು ನಾನು ಎಣಿಸುತ್ತೇನೆ. ಎರಡನ್ನೂ ಒಂದೇ ಚಾವಡಿಗೆ ವಹಿಸಿದ್ದರ ಫಲವನ್ನು ಮುಂದಿನ ನೂರು ವರುಷಗಳು ಉಂಡವು.

ಹೈದರನ ಕಾಲದ ಮೊದಲ ಪಾಠವು ಖಂಡೇರಾಯನದು. ಈತನು ಹೈದರನು ಬೆಳೆಯುತ್ತಿದ್ದ ದಿನಗಳಿಂದಲೂ ಆತನ ಲೆಕ್ಕಪತ್ರಗಳನ್ನು ನೋಡಿಕೊಂಡು, ಆತನ ಗುಟ್ಟುಗಳನ್ನೆಲ್ಲ ಬಲ್ಲವನಾಗಿ, ಆತನಿಂದಲೇ ಮೇಲಕ್ಕೆ ಬಂದ ಬ್ರಾಹ್ಮಣ. 1760ರ ಆಗಸ್ಟಿನಲ್ಲಿ ಈ ಖಂಡೇರಾಯನು ಅರಮನೆಯ ಪಕ್ಷವನ್ನು ವಹಿಸಿ, ಕೋಟೆಯ ತೋಪುಗಳನ್ನು ತನ್ನ ಹಳೆಯ ಯಜಮಾನನ ಕಡೆಗೆ ತಿರುಗಿಸಿದನು. ಹೈದರನು ಹೆಂಡಿರು ಮಕ್ಕಳನ್ನು ಪಟ್ಟಣದಲ್ಲಿಯೇ ಬಿಟ್ಟು ರಾತ್ರೋರಾತ್ರಿ ಕಾವೇರಿಯನ್ನು ದಾಟಿ ಓಡಬೇಕಾಯಿತು. ಮುಂದಿನ ವರುಷ ಹೈದರನಿಗೆ ಸೋಲೇ ಖಂಡಿತವೆಂದು ತೋರುತ್ತಿದ್ದಾಗ ಆತನನ್ನು ಉಳಿಸಿದ್ದು ಒಂದು ಕಳ್ಳ ಓಲೆ. ಖಂಡೇರಾಯನ ದಳಪತಿಗಳಿಗೆ, ಮಾತಾಡಿಕೊಂಡಂತೆ ನಿಮ್ಮ ಒಡೆಯನನ್ನು ಹಿಡಿದೊಪ್ಪಿಸಿರೆಂಬ ಅರ್ಥ ಬರುವ ಕಾಗದಗಳನ್ನು ಹಳೆಯ ಸರ್ವಾಧಿಕಾರಿ ನಂಜರಾಜಯ್ಯನ ಮೊಹರಿನಲ್ಲಿ ಸೃಷ್ಟಿಸಿ, ಅವು ಖಂಡೇರಾಯನ ಕೈಗೇ ಬೀಳುವಂತೆ ಹೈದರನು ಏರ್ಪಡಿಸಿದನು. ಓದಿದವನು ನಂಬಿದನು, ತನ್ನ ದಂಡನ್ನು ತಾನೇ ತೊರೆದು ಕುದುರೆಯೇರಿ ಪಟ್ಟಣಕ್ಕೆ ಧಾವಿಸಿದನು, ನಾಯಕನಿಲ್ಲದ ದಂಡು ಚೆದುರಿಹೋಯಿತು. ಅನ್ಯರ ಓಲೆಗಳನ್ನು ಒಡೆದು ಓದುವ ಅಭ್ಯಾಸವುಳ್ಳ ಆಡಳಿತದಲ್ಲಿ, ಒಡೆದು ಓದಲೆಂದೇ ಬರೆದ ಓಲೆಗಿಂತ ಹರಿತವಾದ ಆಯುಧವಿಲ್ಲ.

ಸೋತ ಖಂಡೇರಾಯನನ್ನು ಒಪ್ಪಿಸುವ ಕಾಲದಲ್ಲಿ ಅರಮನೆಯ ಹೆಂಗಸರು ಆತನ ಜೀವವನ್ನು ಉಳಿಸಬೇಕೆಂದು ಹೈದರನನ್ನು ಬೇಡಿಕೊಂಡರು. ಉಳಿಸುವುದಷ್ಟೇ ಅಲ್ಲ, ಗಿಣಿಯಂತೆ ಸಾಕುತ್ತೇನೆಂದು ಹೈದರನು ಮಾತುಕೊಟ್ಟನು. ಆ ಮಾತನ್ನು ಅಕ್ಷರಶಃ ನಡೆಸಿದನು. ಕಬ್ಬಿಣದ ಪಂಜರವೊಂದರಲ್ಲಿ ಆತನನ್ನು ಇರಿಸಿ, ಸಾಯುವ ತನಕ ಹಾಲನ್ನವನ್ನು ಹಾಕಿಸಿದನು. ಖಂಡೇರಾಯನು ದ್ರೋಹಿಯೆ? ಉಪ್ಪಿಕ್ಕಿದ ಹೈದರನಿಗೆ ಆತನು ತಪ್ಪಿದ್ದು ನಿಜ. ಆದರೆ ಹೈದರನು ಸೇವೆಗೆ ನಿಂತದ್ದು ಯಾವ ಮನೆಗೋ ಆ ಒಡೆಯರ ಮನೆಗೆ ಖಂಡೇರಾಯನು ತಪ್ಪಲಿಲ್ಲ.

ಹೈದರನು ಓದುಬರಹ ಕಲಿತವನಲ್ಲ. ತನ್ನ ಹೆಸರಿನ ಮೊದಲಕ್ಷರವನ್ನು ಗೀಚುವುದರ ಹೊರತು ಬೇರೇನನ್ನೂ ಬರೆಯಲಾರನೆಂದು ವಿಲ್ಕ್ಸನು ಹೇಳುತ್ತಾನೆ. ಆದರೆ ಕನ್ನಡ, ತೆಲುಗು, ಮರಾಠಿ, ತಮಿಳು, ಹಿಂದೂಸ್ಥಾನಿಗಳನ್ನು ಸಲೀಸಾಗಿ ಆಡುತ್ತಿದ್ದ ಆತನ ಕಿವಿಯೂ ಜ್ಞಾಪಕಶಕ್ತಿಯೂ ಅಸಾಧಾರಣವಾದವು. ದರ್ಬಾರಿನಲ್ಲಿ ಒಂದು ಓಲೆಯನ್ನು ಓದಿಸಿ ಕೇಳುತ್ತ, ಇನ್ನೊಂದಕ್ಕೆ ಉತ್ತರವನ್ನು ಹೇಳಿ ಬರೆಯಿಸುತ್ತ, ಅದೇ ಹೊತ್ತಿನಲ್ಲಿ ಹರಿಕಾರನು ತಂದ ವರ್ತಮಾನಕ್ಕೆ ತಲೆದೂಗುತ್ತ, ತಿಂಗಳ ಹಿಂದೆ ಕೇಳಿದ್ದ ಲೆಕ್ಕದೊಡನೆ ಇಂದಿನ ಲೆಕ್ಕವು ಹೊಂದದಿದ್ದರೆ ಅಲ್ಲಿಯೇ ತಡೆದು ಕೇಳುವ ದೊರೆಯ ಮುಂದೆ ಸುಳ್ಳು ಹೇಳುವುದು ಸುಲಭವಾಗಿರಲಿಲ್ಲ. ಬಿದನೂರನ್ನು ಹಿಡಿದ ಕೆಲಕಾಲದಲ್ಲಿಯೇ, ಆತನು ಜ್ವರದಿಂದ ಮಲಗಿದ್ದಾಗ, ಅಲ್ಲಿಯ ಹಳೆಯ ಅಧಿಕಾರಿಗಳು ಆತನನ್ನು ಕೊಲ್ಲಲು ಮಾಡಿದ್ದ ಸಂಚು ಹೊರಬಿದ್ದಿತು. ವಿಚಾರಣೆಗೆ ನೇಮಿಸಲ್ಪಟ್ಟವರೂ ಸಂಚಿನವರೇ ಆಗಿದ್ದರು. ಆದರೂ ಹಾಸಿಗೆಯ ಮೇಲೆ ಮಲಗಿದ್ದುಕೊಂಡೇ ಅವರ ಹೇಳಿಕೆಗಳಲ್ಲಿದ್ದ ಬಿರುಕನ್ನು ಹೈದರನು ಹಿಡಿದುಬಿಟ್ಟನು. ಆ ದಿನ ಸಂಜೆಯೊಳಗೆ ನಗರದಲ್ಲಿ ಮುನ್ನೂರಕ್ಕೂ ಮೇಲ್ಪಟ್ಟ ಮಂದಿಯನ್ನು ನೇಣುಹಾಕಲಾಯಿತೆಂದು ವಿಲ್ಕ್ಸನ ಲೇಖ. ಈ ಕಿವಿಯ ಮುಂದೆ ಅರಮನೆಯ ಗೋಡೆಗಳೂ ತೆಳುವಾಗಿದ್ದವು. ತರುಣರಾದ ನಂಜರಾಜ ಒಡೆಯರು ಮರಾಠರ ಸಹಾಯವನ್ನು ಬಯಸಿ ರಹಸ್ಯವಾಗಿ ಹೇಳಿಕಳುಹಿಸಿದ ವಿಷಯವು ತಿಳಿದುಬಂದಾಗ, 1770ರಲ್ಲಿ, ಆ ದೊರೆಯ ಕತ್ತು ಹಿಸುಕಿ ಕೊಲ್ಲಿಸಲಾಯಿತು.

ಇಂತಹ ಯಜಮಾನನ ಅಂಚೆಗೂ ಪೊಲೀಸಿಗೂ ಮುಖ್ಯನಾಗಿ ಏರಿದವನು ಶಾಮಯ್ಯ. ಜನರ ಬಾಯಲ್ಲಿ ಅಂಚೆ ಶಾಮಯ್ಯ. ಹಣಕಾಸಿಗೆ ಮೀರ್ ಸಾದಿಕ್, ಬೇಹಿಗೆ ಶಾಮಯ್ಯ ಎಂದು ಹೈದರನು ತನ್ನ ಕೊನೆಯ ವರುಷಗಳಲ್ಲಿ ಆಡಳಿತವನ್ನು ಈ ಇಬ್ಬರ ಮೇಲೆ ನಿಲ್ಲಿಸಿದನು. ಶಾಮಯ್ಯನ ವಿಷಯದಲ್ಲಿ ವಿಲ್ಕ್ಸನಿಗೆ ದಯೆಯಿಲ್ಲ: ಇಲ್ಲದ ಅಪರಾಧಗಳನ್ನು ಹೊರಿಸಿ, ಹಣವಂತರನ್ನು ಹಿಂಸಿಸಿ ಬೊಕ್ಕಸವನ್ನು ತುಂಬಿದ ಕ್ರೂರಿಯೆಂದು ಆತನನ್ನು ಚಿತ್ರಿಸಿದ್ದಾನೆ. ಈ ಮಾತನ್ನು ತಳ್ಳಿಹಾಕಲು ನನ್ನಲ್ಲಿ ಆಧಾರವಿಲ್ಲ, ತಳ್ಳಿಹಾಕುವ ಆಸೆಯೂ ಇಲ್ಲ. ನಾಡಿನವರ ಗುಟ್ಟೆಲ್ಲ ಕೈವಶವಾದ ಅಧಿಕಾರಿಗೆ ಅದನ್ನು ಮಾರಿಕೊಳ್ಳುವ ಲೋಭವು ಸದಾ ಬೆನ್ನಿಗಿರುತ್ತದೆ. ಹೈದರನಿಗೆ ಆತನ ಸೇವೆ ಸಂದಿತು. ನಾಡಿಗೆ ಅದು ಬಹಳ ದುಬಾರಿಯಾಯಿತು. ಆದರೆ ಈ ಮನುಷ್ಯನ ಕಥೆ ಇಷ್ಟಕ್ಕೆ ಮುಗಿಯದು.

ಅದೇ ಕಾಲದಲ್ಲಿ, ಶ್ರೀರಂಗಪಟ್ಟಣದ ಅಂತಃಪುರದಲ್ಲಿ, ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆಯಾದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಇನ್ನೊಂದು ಸುದ್ದಿಯ ಜಾಲವನ್ನು ಎಳೆಯೆಳೆಯಾಗಿ ಹೆಣೆಯುತ್ತಿದ್ದರು. 1766ರಲ್ಲಿ ಪತಿಯನ್ನು ಕಳೆದುಕೊಂಡ ಆಕೆ, ಒಬ್ಬರಾದ ಮೇಲೊಬ್ಬರು ಬೊಂಬೆಯ ಅರಸರು ಕೂರುವುದನ್ನೂ ಇಲ್ಲವಾಗುವುದನ್ನೂ ನೋಡುತ್ತ, ಮೂವತ್ತು ವರುಷಕ್ಕೂ ಮೀರಿ ತಾಳಿಕೊಂಡಿದ್ದರು. ಆಕೆಯ ಹೊರಗಿನ ಕೈಗಳಾದವರು ಪ್ರಧಾನ ತಿರುಮಲರಾಯನೂ ಆತನ ತಮ್ಮ ನಾರಾಯಣರಾಯನೂ. ಹೈದರನ ಬೇಹಿನವರಿಗೆ ಸಿಕ್ಕದೆ ರಾಜ್ಯದ ಗಡಿಯನ್ನು ದಾಟಿ, ತಂಜಾವೂರಿನ ಕಡೆಯಲ್ಲಿ ನೆಲಸಿ, ಮದರಾಸಿನ ಇಂಗ್ಲಿಷರೊಡನೆ ಈ ಸೋದರರು ವರುಷಗಟ್ಟಲೆ ಸಂಧಾನವನ್ನು ನಡೆಸಿದರು. 1782ನೆಯ ಅಕ್ಟೋಬರ್ 28ರಂದು ತಂಜಾವೂರಿನ ರೆಸಿಡೆಂಟನಾದ ಜಾನ್ ಸಲ್ಲಿವನ್ನನೊಡನೆ ಮಹಾರಾಣಿಯವರ ಪರವಾಗಿ ತಿರುಮಲರಾಯನು ಒಂದು ಒಪ್ಪಂದವನ್ನು ಮಾಡಿಕೊಂಡನು. ಕೊಯಮತ್ತೂರಿನ ಸೀಮೆಯನ್ನು ಗೆದ್ದುಕೊಟ್ಟರೆ ಮೂರು ಲಕ್ಷ ಕಂಠೀರಾಯಿ ವರಹ, ಘಟ್ಟವನ್ನೇರಿದರೆ ಇನ್ನೊಂದು ಲಕ್ಷ, ಮೈಸೂರು ಕೈಗೆ ಬಂದರೆ ಮತ್ತೊಂದು ಲಕ್ಷ, ಶ್ರೀರಂಗಪಟ್ಟಣವು ಬಿದ್ದ ದಿನ ಐದು ಲಕ್ಷ. ಈ ಪತ್ರಕ್ಕೆ ಸಾಕ್ಷಿಯಾಗಿದ್ದವನು ಪಾದ್ರಿ ಶ್ವಾರ್ಟ್ಸ್. ಮೂರು ವರುಷಗಳ ಹಿಂದೆ, 1779ರಲ್ಲಿ, ಮದರಾಸಿನ ದೂತನಾಗಿ ಶ್ರೀರಂಗಪಟ್ಟಣಕ್ಕೆ ಬಂದು ಹೈದರನ ಎದುರಿಗೆ ಕುಳಿತು ಮಾತಾಡಿ ಹೋಗಿದ್ದವನು. ಕೈಯಲ್ಲಿ ಕಾಸಿಲ್ಲದ, ಕಾವಲಿನ ಹೊರಗೆ ಕಾಲಿಡಲಾರದ ಹೆಂಗಸೊಬ್ಬಳು ಹತ್ತು ಲಕ್ಷ ವರಹಗಳ ಕರಾರನ್ನು ಮಾಡಿದಳೆಂದರೆ, ಓಲೆ ಒಯ್ಯುವವರಲ್ಲಿ ಆಕೆ ಇಟ್ಟಿದ್ದ ನಂಬಿಕೆ ಎಂತಹುದಿರಬೇಕು! ಆ ಓಲೆಕಾರರ ಹೆಸರುಗಳು ಚರಿತ್ರೆಗೆ ಉಳಿಯಲಿಲ್ಲ. ಸಿಕ್ಕಿಬಿದ್ದಿದ್ದರೆ ಉಳಿಯುತ್ತಿದ್ದವು.

ಒಪ್ಪಂದದ ಮಸಿ ಆರಿ ಆರು ವಾರವಾಗುವಷ್ಟರಲ್ಲಿ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರನು ಬೆನ್ನುಫಣಿಯ ಹುಣ್ಣಿನಿಂದ ತೀರಿಕೊಂಡನು. ಮಗನಾದ ಟೀಪುವು ಆಗ ಮಲೆಯಾಳದ ಕರಾವಳಿಯಲ್ಲಿದ್ದನು. ದೊರೆಯಿಲ್ಲವೆಂಬ ಮಾತು ಹೊರಗೆ ಬಿದ್ದರೆ ದಂಡು ಒಡೆಯುವುದು, ಇಂಗ್ಲಿಷರು ಮೇಲೆ ಬೀಳುವರು, ಪಟ್ಟಣದಲ್ಲಿ ಏನಾಗುವುದೋ ಹೇಳುವಂತಿಲ್ಲ. ಬೊಕ್ಕಸದ ಅಧಿಕಾರಿಗಳಾದ ಪೂರ್ಣಯ್ಯನೂ ಕೃಷ್ಣರಾಯನೂ ಕೂಡಿ ಆ ಮರಣವನ್ನೇ ಮುಚ್ಚಿಟ್ಟರು. ಸುಗಂಧದ್ರವ್ಯಗಳನ್ನು ತುಂಬಿದ ಪೆಟ್ಟಿಗೆಯಲ್ಲಿ ಕಳೇಬರವನ್ನಿರಿಸಿ, ಬೊಕ್ಕಸದ ಹಣವನ್ನು ಸಾಗಿಸುವ ರೀತಿಯಲ್ಲಿಯೇ ಪಹರೆಯೊಡನೆ ಕೋಲಾರದ ಕಡೆಗೆ ಕಳುಹಿಸಿದರು. ಪಾಳೆಯದಲ್ಲಿ ನಿತ್ಯದ ಕಾರ್ಯಕಲಾಪಗಳು ನಡೆದೇ ಇದ್ದವು. ನವಾಬರ ಆರೋಗ್ಯವು ಸುಧಾರಿಸುತ್ತಿದೆಯೆಂದು ಹೇಳಿಕೆಯಾಯಿತು. ಪರದೆಯಿಳಿಸಿದ ಪಲ್ಲಕ್ಕಿಯು ದಂಡಿನೊಡನೆ ಹೊರಟಿತು. ಟೀಪುವಿನ ಕಡೆಗೆ ಓಲೆಯು ಹಾರಿತು. ದಳಪತಿಗಳಲ್ಲಿ ಕೆಲವರು ಟೀಪುವಿನ ತಮ್ಮನಾದ ಅಬ್ದುಲ್ ಕರೀಮನನ್ನು ಮೇಲಕ್ಕೆತ್ತಲು ಹವಣಿಸಿದ್ದರು. ಆ ಸಂಚನ್ನು ಮೊಳಕೆಯಲ್ಲಿಯೇ ಚಿವುಟಿದರು. 1783ರ ಜನವರಿಯ ಮೊದಲಲ್ಲಿ ಟೀಪುವು ಬಂದು ದಂಡನ್ನು ಕೂಡಿಕೊಳ್ಳುವವರೆಗೆ, ಮೂರು ವಾರಗಳಿಗೂ ಮೇಲಾಗಿ, ಆ ಇಬ್ಬರು ಒಂದು ಸಾಮ್ರಾಜ್ಯವನ್ನು ಮೌನದಿಂದ ಹಿಡಿದು ನಿಲ್ಲಿಸಿದರು. ಬೇಹಿನ ವಿದ್ಯೆಯಲ್ಲಿ ಸುದ್ದಿ ತರುವುದು ಅರ್ಧ ಮಾತ್ರ. ಉಳಿದರ್ಧವನ್ನು ಪೂರ್ಣಯ್ಯನು ಬಲ್ಲವನಾಗಿದ್ದನು.

ಆದರೆ ಅದೇ ಜನವರಿಯಲ್ಲಿ ನಮ್ಮ ಮಲೆನಾಡಿನ ತುದಿಯಲ್ಲಿ ನಡೆದ ಒಂದು ಪ್ರಸಂಗವು, ಓಲೆಯು ತಪ್ಪಿದ ಕೈಗೆ ಬಿದ್ದರೆ ಏನಾಗುವುದೆಂಬುದನ್ನು ತೋರಿಸುತ್ತದೆ. ಹೈದರನು ಮಗನಂತೆ ಬೆಳೆಸಿದ್ದ ಅಯಾಜನು ಬಿದನೂರಿನ ಅಧಿಪತಿಯಾಗಿದ್ದನು. ಟೀಪುವಿಗೆ ಆತನ ಮೇಲೆ ಹಳೆಯ ಹಗೆ. ಹೊಸ ದೊರೆಯಿಂದ ತನಗೇನು ಕಾದಿದೆಯೋ ಎಂಬ ಶಂಕೆಯಿಂದ, ನಗರಕ್ಕೆ ಬಂದ ಪ್ರತಿಯೊಂದು ಕಾಗದವನ್ನೂ ಮೊದಲು ತನ್ನೆದುರಿಗೆ ಓದತಕ್ಕದ್ದೆಂದು ಆತನು ಕಟ್ಟುಮಾಡಿದ್ದನು, ಏಕೆಂದರೆ ಆತನಿಗೂ ಓದು ಬಾರದು. ಅಂತೆಯೇ ಒಂದು ದಿನ ಆತನ ಕೈಕೆಳಗಿನವನಿಗೆ ಬಂದ ಓಲೆಯನ್ನು ಬ್ರಾಹ್ಮಣನೊಬ್ಬನು ಓದಿದನು: ಅಯಾಜನನ್ನು ಕೊಂದು ಅಧಿಕಾರವನ್ನು ವಹಿಸಿಕೊಳ್ಳೆಂದು ಅದರಲ್ಲಿ ಬರೆದಿತ್ತು. ಗುಟ್ಟು ತನ್ನಲ್ಲಿಯೇ ಉಳಿಯಲೆಂದು ಅಯಾಜನು ಓದಿದವನನ್ನು ಅಲ್ಲಿಯೇ ಕೊಲ್ಲಿಸಿ, ಓಲೆಯನ್ನು ಬಚ್ಚಿಟ್ಟುಕೊಂಡು, ಹೊಸಂಗಡಿಯ ಘಾಟಿಯನ್ನು ಹತ್ತಿ ಬರುತ್ತಿದ್ದ ಇಂಗ್ಲಿಷ್ ಜನರಲ್ ಮ್ಯಾಥ್ಯೂಸನಿಗೆ ಬಿದನೂರನ್ನು ಒಪ್ಪಿಸಿಬಿಟ್ಟನು. ಆ ಬ್ರಾಹ್ಮಣನು ಮಾಡಿದ ಅಪರಾಧವೆಂದರೆ ಅಕ್ಷರ ಕಲಿತದ್ದು.

ಟೀಪುವು ಬಿದನೂರನ್ನು ಮರಳಿ ಗೆದ್ದು, ಘಟ್ಟವಿಳಿದು, 1783ರ ಮೇ ತಿಂಗಳಿನಲ್ಲಿ ಮಂಗಳೂರಿಗೆ ಮುತ್ತಿಗೆ ಹಾಕಿದನು. ಅತ್ತ ಕರೂರಿನ ಕೋಟೆಯು ಏಪ್ರಿಲಿನಲ್ಲಿಯೇ ಇಂಗ್ಲಿಷರ ವಶವಾಗಿ, ತಿರುಮಲರಾಯನ ಸಮಕ್ಷದಲ್ಲಿ ಅದರ ಮೇಲೆ ಮೈಸೂರು ಒಡೆಯರ ಬಾವುಟವು ಏರಿದ್ದಿತು. ದೊರೆ ಕರಾವಳಿಯಲ್ಲಿ, ಮಳೆಗಾಲ ನಡುವೆ, ರಾಜಧಾನಿ ಬರಿದು. ಮುತ್ತಿಗೆಯ ಪಾಳೆಯಕ್ಕೂ ರಾಜಧಾನಿಗೂ ನಡುವೆ ಇದ್ದದ್ದು ಈ ಘಟ್ಟಗಳೇ. ಆಷಾಢದ ಜಡಿಮಳೆಯಲ್ಲಿ ಹಳ್ಳಗಳು ಉಕ್ಕಿ, ಮರಗಳು ಹಾದಿಗಡ್ಡ ಬಿದ್ದು, ಅಂಚೆಯವನು ಕಂಬಳಿಕೊಪ್ಪೆಯಡಿಯಲ್ಲಿ ಚೀಲವನ್ನು ಎದೆಗವುಚಿಕೊಂಡು ಬಿದಿರುಸಂಕವನ್ನು ದಾಟಬೇಕಾದ ಕಾಲ. ಇದಕ್ಕಿಂತ ಒಳ್ಳೆಯ ಸಮಯವು ಸಂಚುಗಾರರಿಗೆ ದೊರೆಯಲಾರದು. ಶ್ರೀರಂಗಪಟ್ಟಣದಲ್ಲಿ ಸೈನ್ಯಕ್ಕೆ ಸಂಬಳ ಬಟವಾಡೆ ಮಾಡುವ ಬಕ್ಷಿ ನರಸಿಂಗರಾಯ, ಕೊಯಮತ್ತೂರಿನ ಸಿಂಗಯ್ಯ, ಅರಸು ಮನೆತನದವರು ಕೆಲವರು, ಇವರೆಲ್ಲರ ಬೆನ್ನಿಗೆ ಅಂಚೆ ಶಾಮಯ್ಯನೂ ಆತನ ಸೋದರ ರಂಗಯ್ಯನೂ ಸೇರಿ ಮಾಡಿದ ಏರ್ಪಾಟು ಇದು: ಜುಲೈ ತಿಂಗಳಿನಲ್ಲಿ, ಸಂಬಳದ ದಿನ, ಸಿಪಾಯಿಗಳು ಕಚೇರಿಯ ಮುಂದೆ ನೆರೆದಿರುವಾಗ ಕಿಲ್ಲೇದಾರನನ್ನು ಮುಗಿಸುವುದು, ಬಂದೀಖಾನೆಯಲ್ಲಿದ್ದ ಇಂಗ್ಲಿಷ್ ಸೆರೆಯಾಳುಗಳನ್ನು ಬಿಡಿಸಿ ಅವರ ಕೈಗೆ ಆಯುಧ ಕೊಡುವುದು, ಮಹಾರಾಣಿಯವರ ಹೆಸರಿನಲ್ಲಿ ರಾಜ್ಯವನ್ನು ಸಾರುವುದು.

ಹಿಂದಿನ ರಾತ್ರಿ ಗುಟ್ಟು ರಟ್ಟಾಯಿತು. ಸೈಯದ್ ಮಹಮ್ಮದನೆಂಬ ಅಧಿಕಾರಿಯು ಬೆಳಗಾಗುವುದನ್ನು ಕಾಯದೆ ಸಂಚುಗಾರರನ್ನು ಹಿಡಿಸಿದನು. ನರಸಿಂಗರಾಯನೇ ಮೊದಲಾದವರನ್ನು ಕೊಲ್ಲಿಸಲಾಯಿತು. ಶಾಮಯ್ಯನನ್ನು ಕಬ್ಬಿಣದ ಸಂಕೋಲೆಗಳಲ್ಲಿ ಪಟ್ಟಣಕ್ಕೆ ತಂದರು. ಆತನನ್ನೂ ರಂಗಯ್ಯನನ್ನೂ ಕಬ್ಬಿಣದ ಪಂಜರಗಳಿಗೆ ಹಾಕಿದರು. ಖಂಡೇರಾಯನ ಪಂಜರವನ್ನು ನಾಡೆಲ್ಲ ಬಲ್ಲುದಾಗಿದ್ದಿತು; ಅಪರಾಧಿಗಳ ಗತಿಯ ದಾಖಲೆಯನ್ನು ಇಟ್ಟುಕೊಂಡಿದ್ದ ಇಲಾಖೆಯ ಮುಖ್ಯನಿಗೆ ಅದು ತಿಳಿಯದೆ ಇರುವುದು ಸಾಧ್ಯವಿಲ್ಲ.

ಇಲ್ಲಿ ಶಾಮಯ್ಯನ ಮನಸ್ಸನ್ನು ಅರಿಯಬೇಕೆನ್ನುವವನಿಗೆ ದೊಡ್ಡ ತೊಡಕಿದೆ. ಹೈದರನು ಬದುಕಿರುವಷ್ಟು ಕಾಲ ಈತನ ಚಾವಡಿಯು ಅರಮನೆಯ ಮೇಲೆಯೇ ಕಣ್ಣಿಟ್ಟಿದ್ದಿತು. ತಿರುಮಲರಾಯನು ತಂಜಾವೂರಿನಿಂದ ಓಲೆಗಳನ್ನು ಕಳುಹಿಸುತ್ತಿದ್ದಾಗ ಅಂಚೆಯ ಕೀಲಿಕೈ ಈತನಲ್ಲಿದ್ದಿತು. ಆದರೂ ಮಹಾರಾಣಿಯವರ ಜಾಲವು ಹರಿಯಲಿಲ್ಲ. ಹೈದರನ ಕಿವಿಯನ್ನು ತಪ್ಪಿಸಿ ಇಷ್ಟು ವರುಷ ಅದು ನಡೆದುದು, ಕಾವಲಿನ ಮೇಲಧಿಕಾರಿಯು ಕಂಡೂ ಕಾಣದಂತೆ ಇದ್ದುದರಿಂದಲೇ ಎಂದು ನಾನು ಊಹಿಸುತ್ತೇನೆ; ಇದು ಊಹೆಯೆಂದೇ ಓದುಗರು ತಿಳಿಯಬೇಕು. ಹಾಗಾದರೆ, ಜನರನ್ನು ಪೀಡಿಸಿದ ಕೈಯೇ ಅಂತಃಪುರದ ಓಲೆಗಳನ್ನು ಸುಮ್ಮನೆ ಮುಂದಕ್ಕೆ ಬಿಟ್ಟಿತು. ಪೀಡನೆಯ ಪಾಪವು ಅದರಿಂದ ತೊಳೆದುಹೋಗದು. ಆದರೆ ಟೀಪುವಿನ ದರ್ಬಾರಿನಲ್ಲಿ ತನ್ನ ಸ್ಥಾನ ಕುಸಿಯುವುದೆಂಬ ಅಂಜಿಕೆಯಿಂದ ಮಾತ್ರ ಆತನು ಸಂಚಿಗೆ ಸೇರಿದನೆಂಬ ವಾದ ನನಗೆ ಸಾಲದೆನಿಸುತ್ತದೆ. ಅಂಜಿದವನಿಗೆ ಬೇರೆ ದಾರಿಗಳಿದ್ದವು. ಸಂಚಿನ ಗುಟ್ಟನ್ನು ತಾನೇ ಮಾರಿದ್ದರೆ ಸಾಕಾಗಿದ್ದಿತು. ಗುಟ್ಟನ್ನು ಮಾರುವುದು ಆತನಿಗೆ ಹೊಸ ಕಸುಬೂ ಅಲ್ಲ. ಅದೊಂದನ್ನು ಆತನು ಮಾರಲಿಲ್ಲ.

ಪೂರ್ಣಯ್ಯನ ದಾರಿ ಬೇರೆ. ಆತನು ಹೈದರನಿಗೆ ನಿಷ್ಠನಾಗಿದ್ದನು, ಟೀಪುವಿಗೂ ನಿಷ್ಠನಾಗಿದ್ದನು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಸುಲ್ತಾನನು ಮಡಿದ ಮೇಲೆ, ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷಿಕ್ತರಾದ ಐದು ವರುಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಅಷ್ಟೇ ನಿಷ್ಠನಾದನು. ದಿವಾನಗಿರಿಯು ಆತನಿಗೆ ಸಂದಿತು. ಅರಮನೆಗಾಗಿ ಇಪ್ಪತ್ತಕ್ಕೂ ಹೆಚ್ಚು ವರುಷಗಳನ್ನು ಪರದೇಶದಲ್ಲಿ ಸವೆಸಿದ್ದ ತಿರುಮಲರಾಯನಿಗೆ ಪ್ರಧಾನಪದವಿಯು ದೊರೆಯಲಿಲ್ಲ. ರಾಜ್ಯದ ಲೆಕ್ಕ, ದಾರಿ, ಅಧಿಕಾರಿಗಳು, ಅಂಚೆ ಎಲ್ಲವನ್ನೂ ಅಂಗೈಯ ಮೇಲಿನಂತೆ ಬಲ್ಲವನು ಪೂರ್ಣಯ್ಯನೊಬ್ಬನೇ ಆಗಿದ್ದುದರಿಂದ ಇಂಗ್ಲಿಷರ ಆಯ್ಕೆಯು ಆಡಳಿತಕ್ಕೆ ಹಿತವಾಯಿತೆಂಬುದನ್ನು ಒಪ್ಪಬೇಕು. ತಿರುಮಲರಾಯನಿಗೆ ಅನ್ಯಾಯವಾಯಿತೆಂಬುದನ್ನೂ ಒಪ್ಪಬೇಕು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ತಾನು ಸಹಿಹಾಕಿದ ಒಪ್ಪಂದದ ಗುರಿಯು ನೆರವೇರಿದ ದಿನವೇ ಆತನ ಅಗತ್ಯವು ತೀರಿಹೋಗಿದ್ದಿತು.

ಪೂರ್ಣಯ್ಯನ ಸುದ್ದಿಯ ಬಲಕ್ಕೂ ಕಠಿಣವಾದ ಪರೀಕ್ಷೆ ಒದಗಿದ್ದು ಈ ಬೆಟ್ಟಗಳ ಮಗ್ಗುಲಲ್ಲಿಯೇ. ಜಾವಳಿಯಿಂದ ಹೇಮಾವತಿಯ ಹರಿವನ್ನು ಅನುಸರಿಸಿ ತೆಂಕಲಿಗೆ ನಡೆದರೆ ಸಿಗುವ ಬಲಂ ಸೀಮೆಯಲ್ಲಿ, ಇಂದಿನ ಸಕಲೇಶಪುರದ ಸುತ್ತಿನಲ್ಲಿ, ಐಗೂರಿನ ನಾಯಕನು ಹೊಸ ಆಳಿಕೆಗೆ ತಲೆಬಾಗದೆ ನಿಂತನು. 1800ರ ಏಪ್ರಿಲಿನಲ್ಲಿ ಆತನ ನೆಲೆಯಾದ ಅರಕೆರೆಯ ಮೇಲೆ ಬಂದ ಇಂಗ್ಲಿಷ್ ಕಂಪನಿಯ ಮೊದಲ ತುಕಡಿಯು ಸೋತು ಹಿಮ್ಮೆಟ್ಟಿತು. ಅದೇ ತಿಂಗಳ ಕೊನೆಯಲ್ಲಿ ದೊಡ್ಡ ಪಡೆಯು ಬಂದು ಗೆದ್ದರೂ, ಅದು ಹಿಂದಿರುಗಿದೊಡನೆ ನಾಯಕನು ಮರಳಿ ಬಂದನು. ಬಿದಿರಮೆಳೆಗಳನ್ನೇ ಬೇಲಿಮಾಡಿಕೊಂಡ ಊರುಗಳು, ಕಂದಕ, ಉಕ್ಕಡ, ಹಾದಿಗಡ್ಡವಾಗಿ ಕಡಿದು ಕೆಡವಿದ ಮರಗಳು. ಇವೆಲ್ಲಕ್ಕಿಂತ ಮಿಗಿಲಾಗಿ, ನಾಯಕನೆಲ್ಲಿದ್ದಾನೆಂದು ಹೊರಗಿನವನಿಗೆ ಹೇಳದ ಹಳ್ಳಿಯ ಜನ. ಮುಂದೆ ವೆಲ್ಲಿಂಗ್ಟನ್ ಡ್ಯೂಕನಾಗಿ ಯೂರೋಪಿನಲ್ಲಿ ಹೆಸರಾದ ಆರ್ಥರ್ ವೆಲ್ಲೆಸ್ಲಿಯು ತಾನೇ ಬಂದು, 1802ರ ಜನವರಿ 16ರಂದು ಮೂರು ಕಡೆಯಿಂದ ನುಗ್ಗಿ ಅರಕೆರೆಯನ್ನು ಹಿಡಿದನು. ಆಗಲೂ ನಾಯಕನು ಕಾಡಿನೊಳಗೆ ಮರೆಯಾದನು. ಕೋವಿಗಳ ಕೆಲಸವು ಮುಗಿದ ಮೇಲೆ ಉಳಿದದ್ದು ಬೇಹಿನ ಕೆಲಸ: ಕೋಟೆಕಟ್ಟಿದ ಹಳ್ಳಿಗಳನ್ನು ಒಂದೊಂದಾಗಿ ಕೆಡವುತ್ತ, ದಾರಿಗಳನ್ನು ಕಡಿಸುತ್ತ, ಕಾಡಿಗೆ ಅಕ್ಕಿ ಹೋಗುವ ಹಾದಿಗಳನ್ನು ಮುಚ್ಚುತ್ತ ಬಂದರು. ಫೆಬ್ರವರಿಯಲ್ಲಿ ಮೈಸೂರಿನ ಸವಾರರ ಕೈಗೆ ನಾಯಕನು ಸಿಕ್ಕಿದನು, ಕೂಡಲೇ ಗಲ್ಲಿಗೇರಿಸಲ್ಪಟ್ಟನು. ಶ್ರೀರಂಗಪಟ್ಟಣದ ಪತನದಿಂದ ಅಲ್ಲಿಗೆ ಎರಡೂಮುಕ್ಕಾಲು ವರುಷಗಳಾಗಿದ್ದವು. ಅಷ್ಟು ಕಾಲ ಆ ಹಳ್ಳಿಗಳವರು ಒಬ್ಬ ಮನುಷ್ಯನ ಇರವನ್ನು ಒಂದು ಸರ್ಕಾರಕ್ಕೆ ತಿಳಿಯಗೊಟ್ಟಿರಲಿಲ್ಲ. ಚಾವಡಿಯ ಮುಖ್ಯರಿಗೆ ಸಂಬಳವೂ ಜಹಗೀರೂ ಇದ್ದವು. 1807ರಲ್ಲಿ ಪೂರ್ಣಯ್ಯನಿಗೆ ಯಳಂದೂರು ಸಂದಿತು. ಬಲಂ ಸೀಮೆಯ ಒಕ್ಕಲುಗಳಿಗೆ ಅವರ ಮೌನಕ್ಕಾಗಿ ಸಿಕ್ಕಿದ್ದು ಸುಟ್ಟ ಮನೆ, ಕಡಿದ ಬಿದಿರು.

ಮೈಸೂರಿನ ಅಂಚೆಯು ಆಮೇಲೆಯೂ ಬಹುಕಾಲ ಸಂಸ್ಥಾನದ ಸ್ವಂತ ಇಲಾಖೆಯಾಗಿಯೇ ಉಳಿದು, ಬೆಟ್ಟಗಳಲ್ಲಿ ಕಾಫಿಯ ತೋಟಗಳು ಎದ್ದಾಗ ಅವುಗಳ ಕಾಗದಗಳನ್ನೂ ಹೊತ್ತು, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಆ ವೇಳೆಗೆ ಓಲೆಯನ್ನು ಒಡೆದು ನೋಡುವ ಅಧಿಕಾರಿಯೂ ಇರಲಿಲ್ಲ, ಅಂಚೆಯವನ ಗೆಜ್ಜೆಯ ಸಪ್ಪುಳಕ್ಕೆ ಬೆದರುವ ಪಾಳೆಯಗಾರನೂ ಇರಲಿಲ್ಲ.